ಕೋಳ ತೊಡಿಸುವುದೂ ಒಂದು ಶಿಕ್ಷೆಯಲ್ಲವೇ?

(ಬೀದರ್ ನಗರದಲ್ಲಿ ನಡೆದ ಕಾನೂನು ತಿಳುವಳಿಕೆ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಬರಹರೂಪ)



ಕೆಲವು ವರ್ಷಗಳ ಹಿಂದೆ ಬೀದರ್‌ನಿಂದ ಔರಾದಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಕುಳಿತಿದ್ದ. ಪಕ್ಕದಲ್ಲಿ ಪೊಲೀಸ್ ಪೇದೆ. ಯುವಕನ ಕೈಗೆ ಕೋಳವಿತ್ತು, ಅದರ ಹಗ್ಗ ಪೇದೆಯ ಮುಷ್ಟಿಯಲ್ಲಿತ್ತು. ಯುವಕ ಕರವಸ್ತ್ರವೊಂದನ್ನು ಕೋಳದ ಮೇಲೆ ಹೊದಿಸಿಕೊಂಡಿದ್ದ. ಬಸ್ಸು ಕುಲುಕಿದಾಗಲೆಲ್ಲಾ ಅದು ಜಾರುತ್ತಿತ್ತು. ಅವನು ಮತ್ತೆ ಮತ್ತೆ ಅದನ್ನು ಸರಿಪಡಿಸುತ್ತಿದ್ದ. ಎದುರು ಸೀಟಿನ ತಾಯಿಯೊಬ್ಬಳು ತನ್ನ ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಹೋದಳು. ಆರೋಪವೇನೆಂದು ವಿಚಾರಿಸಿದೆ. ಬೈಕ್ ಕಳವಿನದು. ಜಾಮೀನು ಮಂಜೂರಾಗಿದ್ದರೂ ಜಾಮೀನುದಾರ ಸಿಕ್ಕಿರಲಿಲ್ಲ. ಕೋಳ ತೊಡಿಸಲು ನ್ಯಾಯಾಲಯದ ಅನುಮತಿ ಇದೆಯೇ ಎಂದು ಪೇದೆಯನ್ನು ಕೇಳಿದೆ. ಅವನು ಸಿಟ್ಟಾಗಲಿಲ್ಲ. "ಇಂವ ಓಡಿ ಹೋದ್ರ ನನ್ನ ನೌಕರಿ ಹೋಗ್ತದ ವಕೀಲಸಾಬ್. ಇಬ್ಬರು ಬರಬೇಕಿತ್ತು, ನಾ ಒಬ್ಬನೇ ಬಂದೀನಿ" ಎಂದ.

ಆ ಪೇದೆಯ ಮಾತು ಸುಳ್ಳಲ್ಲ. ಬಂಧಿಯು ಕಾವಲುಗಾರನ ಅಲಕ್ಷ್ಯದಿಂದ ತಪ್ಪಿಸಿಕೊಂಡರೆ ಕಾವಲುಗಾರನೇ ಆರೋಪಿಯಾಗುತ್ತಾನೆ. ಸಿಬ್ಬಂದಿಯ ಕೊರತೆಯನ್ನು ಆರೋಪಿಯ ಮಣಿಕಟ್ಟಿನಿಂದ ಸರಿದೂಗಿಸುವ ಈ ವ್ಯವಸ್ಥೆಯಲ್ಲಿ ಹಗ್ಗದ ಎರಡೂ ತುದಿಗಳಲ್ಲಿ ಬಡವನೇ ಇರುತ್ತಾನೆ.

ಬಂಧುಗಳೇ, 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಸಾಬೀತಾಗಿರಲಿಲ್ಲ. ನ್ಯಾಯಾಲಯವು ಇನ್ನೂ ಅಪರಾಧಿ ಎನ್ನದವನನ್ನು ಬಸ್ ನಿಲ್ದಾಣದಲ್ಲಿ, ಕಚೇರಿಯ ಆವರಣದಲ್ಲಿ, ನೆಂಟರಿಷ್ಟರ ಕಣ್ಣೆದುರು ಅಪರಾಧಿಯನ್ನಾಗಿ ತೋರಿಸುವ ಅಧಿಕಾರ ಯಾರಿಗಿದೆ?

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟವನು ತಿಹಾರ್ ಜೈಲಿನ ಒಬ್ಬ ವಿಚಾರಣಾಧೀನ ಬಂಧಿ. ನ್ಯಾಯಾಲಯಕ್ಕೆ ಹೋಗಿ ಬರುವಾಗಲೆಲ್ಲಾ ತನಗೆ ಕೋಳ ತೊಡಿಸಲಾಗುತ್ತಿದೆ ಎಂದು ಅವನು ಒಂದು ತಂತಿ ಕಳುಹಿಸಿದ. ಅದರ ಮೇಲೆ 1980ರಲ್ಲಿ ಬಂದ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಕೋಳ ತೊಡಿಸುವುದು ಮೇಲ್ನೋಟಕ್ಕೇ ಅಮಾನವೀಯ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಾರಣವನ್ನು ಬರೆದಿಟ್ಟು ತೊಡಿಸಬೇಕು ಎಂದರು. ಆ ಪ್ರಕರಣದಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಅಂದಿನ ಪಂಜಾಬ್ ಪೊಲೀಸ್ ನಿಯಮಗಳಲ್ಲಿ ಬಂಧಿಗಳನ್ನು ಉತ್ತಮ ವರ್ಗ, ಸಾಮಾನ್ಯ ವರ್ಗ ಎಂದು ವಿಂಗಡಿಸಲಾಗಿತ್ತು. ಅಂತಸ್ತು, ವಿದ್ಯೆ ಉಳ್ಳವರಿಗೆ ರಿಯಾಯಿತಿ, ಉಳಿದವರಿಗೆ ಕಬ್ಬಿಣ. ಬಡತನಕ್ಕೂ ಓಡಿಹೋಗುವ ಅಪಾಯಕ್ಕೂ ಏನು ಸಂಬಂಧ? ನ್ಯಾಯಾಲಯವು ಆ ತಾರತಮ್ಯವನ್ನು ತಳ್ಳಿಹಾಕಿತು.

ತೀರ್ಪು ಬಂದರೂ ರೂಢಿ ಬದಲಾಗಲಿಲ್ಲ. 1989ರಲ್ಲಿ ಗುಜರಾತಿನ ನಡಿಯಾದ್‌ನಲ್ಲಿ ಪೊಲೀಸರು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೇ ಕೋಳ ತೊಡಿಸಿ, ಹಗ್ಗದಿಂದ ಕಟ್ಟಿ, ಫೋಟೋ ತೆಗೆಸಿದರು. ನ್ಯಾಯಾಧೀಶನ ಗತಿ ಇದಾದರೆ ಭಾಲ್ಕಿಯ ಹಮಾಲಿಯ ಗತಿಯೇನು? ನಮ್ಮ ನೆರೆಯ ಸೊಲ್ಲಾಪುರದಲ್ಲಿ ವಿಚಾರಣಾಧೀನನೊಬ್ಬನನ್ನು ಕೋಳ ತೊಡಿಸಿ ಬೀದಿಯಲ್ಲಿ ನಡೆಸಿದ್ದಕ್ಕಾಗಿ ಮಹಾರಾಷ್ಟ್ರ ಸರಕಾರವು 10,000 ರೂಪಾಯಿ ಪರಿಹಾರ ನೀಡಬೇಕೆಂಬ ಆದೇಶವನ್ನು 1991ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಗುವಾಹಟಿಯ ಆಸ್ಪತ್ರೆಯಲ್ಲಿ ಬಂಧಿಗಳನ್ನು ಮಂಚಕ್ಕೆ ಬಿಗಿದಿದ್ದನ್ನು ಕಂಡು ಪತ್ರಕರ್ತ ಕುಲದೀಪ್ ನಯ್ಯರ್ ಬರೆದ ಪತ್ರವೇ ಅರ್ಜಿಯಾಯಿತು. 1995ರ ಆ ತೀರ್ಪು, ಜೈಲಿನಿಂದ ನ್ಯಾಯಾಲಯಕ್ಕೆ ಸಾಗಿಸುವಾಗ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಕೋಳ ತೊಡಿಸಬಾರದು ಎಂದಿತು. ನಮ್ಮ ರಾಜ್ಯದ ಹೈಕೋರ್ಟು 2022ರಲ್ಲಿ, ಚೆಕ್ ಅಮಾನ್ಯದ ಪ್ರಕರಣದಲ್ಲಿ ಬಂಧಿತನಾಗಿ ಕೋಳದೊಂದಿಗೆ ಮೆರವಣಿಗೆಗೊಳಗಾದ ಕಾನೂನು ವಿದ್ಯಾರ್ಥಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಕೋಳಕ್ಕೆ ಕಾಯಿದೆಯಲ್ಲಿಯೇ ಜಾಗ ಕೊಟ್ಟಿದೆ. ರೂಢಿಗತ ಅಪರಾಧಿ, ಹಿಂದೆ ತಪ್ಪಿಸಿಕೊಂಡವನು, ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಮಾದಕದ್ರವ್ಯ ಮುಂತಾದ ಅಪರಾಧಗಳನ್ನು ಅದು ಹೆಸರಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಹಿಂದಕ್ಕಿಟ್ಟ ಹೆಜ್ಜೆ. ಓಡಿಹೋಗುವ ಸಂಭವವು ಮನುಷ್ಯನನ್ನು ನೋಡಿ ಅಳೆಯುವಂಥದ್ದು, ಆರೋಪದ ಹೆಸರನ್ನು ನೋಡಿ ಅಲ್ಲ. ಆದರೂ ಅಲ್ಲಿರುವುದು 'ತೊಡಿಸಬಹುದು' ಎಂಬ ಮಾತೇ ಹೊರತು 'ತೊಡಿಸಲೇಬೇಕು' ಎಂಬುದಲ್ಲ. ಅದೇ ಸಂಹಿತೆಯ 46ನೇ ಕಲಮು, ತಪ್ಪಿಸಿಕೊಳ್ಳದಂತೆ ತಡೆಯಲು ಅಗತ್ಯವಾದುದಕ್ಕಿಂತ ಹೆಚ್ಚಿನ ನಿರ್ಬಂಧ ಸಲ್ಲದು ಎನ್ನುತ್ತದೆ. ಬೈಕ್ ಕಳವಿನ ಮೊದಲ ಆರೋಪಿ ಈ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ.

ಇನ್ನು ಉಡುಪಿನ ವಿಚಾರ. ಜೈಲಿನ ಸಮವಸ್ತ್ರ ಶಿಕ್ಷೆಗೊಳಗಾದವರಿಗೆ. ವಿಚಾರಣಾಧೀನನು ತನ್ನ ಸ್ವಂತ ಬಟ್ಟೆ ಧರಿಸಬಹುದು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಂಡೇಲಾ ನಿಯಮಗಳು ಇದನ್ನೇ ಹೇಳುತ್ತವೆ. ಬಂಧಿಯನ್ನು ಸಾಗಿಸುವಾಗ ಜನರ ಕಣ್ಣಿಗೆ ಆದಷ್ಟು ಕಡಿಮೆ ಬೀಳುವಂತೆ, ನಿಂದೆ ಕುತೂಹಲಗಳಿಗೆ ಗುರಿಯಾಗದಂತೆ ನೋಡಿಕೊಳ್ಳಬೇಕೆಂದೂ ಹೇಳುತ್ತವೆ. ಇದಕ್ಕೆ ವಿರುದ್ಧವಾದ ಒಂದು ಚಿತ್ರ ನಿಮಗೆ ನೆನಪಿರಬಹುದು. 2008ರಲ್ಲಿ ದಿಲ್ಲಿಯ ಬಾಟ್ಲಾ ಹೌಸ್ ಘಟನೆಯ ಬಳಿಕ ಬಂಧಿತ ಯುವಕರ ಮುಖಕ್ಕೆ ಕೆಂಪು ಚೌಕುಳಿಯ ಅರಬೀ ರುಮಾಲು ಸುತ್ತಿ ಪೊಲೀಸರು ಕ್ಯಾಮರಾಗಳ ಮುಂದೆ ನಿಲ್ಲಿಸಿದ್ದರು. ಮುಖ ಮರೆಮಾಡಲು ಯಾವ ಬಟ್ಟೆಯಾದರೂ ಸಾಕಿತ್ತು. ಆ ರುಮಾಲು ಯಾರನ್ನು ತೋರಿಸಿತು?

ಸಮವಸ್ತ್ರದ ಭಯ ಏನೆಂದು ಬೀದರ್‌ನವರಾದ ನಮಗೆ ಬೇರೆ ಹೇಳಬೇಕಿಲ್ಲ. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳ ನಾಟಕಕ್ಕಾಗಿ ರಾಜದ್ರೋಹದ ಮೊಕದ್ದಮೆ ದಾಖಲಾಯಿತು. ಮುಖ್ಯ ಶಿಕ್ಷಕಿಯೂ ಒಬ್ಬ ವಿದ್ಯಾರ್ಥಿನಿಯ ತಾಯಿಯೂ ಜಾಮೀನು ಸಿಗುವ ತನಕ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಮಕ್ಕಳನ್ನು ಸಮವಸ್ತ್ರಧಾರಿ, ಶಸ್ತ್ರಧಾರಿ ಪೊಲೀಸರು ಪ್ರಶ್ನಿಸಿದ ಚಿತ್ರವನ್ನು ನೋಡಿ 2021ರಲ್ಲಿ ಹೈಕೋರ್ಟು, ಇದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯಿದೆಯ ಉಲ್ಲಂಘನೆ ಎಂದಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠವು ಮೊಕದ್ದಮೆಯನ್ನೇ ರದ್ದುಪಡಿಸಿತು. ಆದರೆ ಆ ದಿನಗಳು ಯಾರಿಗೆ ಮರಳಿ ಬಂದವು?

ದೋಷ ಪೊಲೀಸರಲ್ಲಿ ಮಾತ್ರವಿದೆ ಎಂದು ನಾನು ಹೇಳಲಾರೆ. ಕೋಳ ತೊಟ್ಟವನ ಫೋಟೋವನ್ನು ಮೊಹಲ್ಲಾದ ವಾಟ್ಸಾಪ್ ಗುಂಪಿಗೆ ಹಾಕುವವರು ಯಾರು? ಅಣ್ಣನ ಕೈಗೆ ಬೇಡಿ ಬಿತ್ತೆಂದು ತಂಗಿಯ ನಿಶ್ಚಿತಾರ್ಥ ಮುರಿಯುವವರು ಯಾರು? ನಾವೇ ಅಲ್ಲವೇ? ಬದ್ರ್ ಯುದ್ಧದ ರಾತ್ರಿ ಬಂಧಿಗಳಲ್ಲೊಬ್ಬರಾದ ಅಬ್ಬಾಸರ ನರಳಾಟ ಕೇಳಿ ಪ್ರವಾದಿಯವರಿಗೆ(ಸ) ನಿದ್ದೆ ಬರಲಿಲ್ಲವೆಂದೂ, ಅವರ ಕಟ್ಟು ಸಡಿಲಿಸಿದ್ದು ತಿಳಿದಾಗ ಎಲ್ಲ ಬಂಧಿಗಳ ಕಟ್ಟನ್ನೂ ಸಡಿಲಿಸಲು ಆಜ್ಞಾಪಿಸಿದರೆಂದೂ ಚರಿತ್ರೆಕಾರರು ಬರೆದಿದ್ದಾರೆ. ಅವರು ಆಯುಧ ಹಿಡಿದು ಬಂದು ಸೆರೆಸಿಕ್ಕವರು. ನಮ್ಮವರಾದರೋ ಇನ್ನೂ ಆರೋಪಿಗಳು. 1481ರಲ್ಲಿ ಖೋಟಾ ಪತ್ರವೊಂದನ್ನು ನಂಬಿ, ವಿಚಾರಣೆಯಿಲ್ಲದೆ ಮಹಮೂದ್ ಗವಾನರ ತಲೆ ತೆಗೆಸಲಾಯಿತು. ಅವರ ಮದ್ರಸಾದ ಮುಂದೆ ನಾವು ದಿನಾ ಓಡಾಡುತ್ತೇವೆ.

ಈಗ ಕೆಲಸದ ಮಾತು. ಮನೆಯ ಯಾರಾದರೂ ಬಂಧಿತರಾದರೆ ಜೈಲಿಗೆ ಎರಡು ಜೊತೆ ಶುಭ್ರವಾದ ಬಟ್ಟೆ ಮುಟ್ಟಿಸಿರಿ. ಕೋಳ ತೊಡಿಸಿ ತಂದಿದ್ದರೆ ಅಂದೇ, ಆ ಕ್ಷಣವೇ, ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಗಮನಕ್ಕೆ ತಂದು ದಾಖಲಿಸುವಂತೆ ಕೋರಿರಿ. ಮುಂದಿನ ವಾಯಿದೆಗೆ ಹೇಳೋಣವೆಂದರೆ ಅದಕ್ಕೆ ಬಲವಿರುವುದಿಲ್ಲ. ಪೇದೆಯೊಡನೆ ಜಗಳ ಬೇಡ, ಅವನ ಕೈಯಲ್ಲಿರುವುದು ಹಗ್ಗ ಮಾತ್ರ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಡಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ, ಉಚಿತ ವಕೀಲರು ಸಿಗಬೇಕು. ಬೀದರ್‌ನ ಜಿಲ್ಲಾ ನ್ಯಾಯಾಲಯದಲ್ಲಿ ಪ್ರಾಧಿಕಾರದ ಕಚೇರಿ ಇದೆ. ಭಾಲ್ಕಿ, ಔರಾದದವರು ತಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ತಾಲ್ಲೂಕು ಸಮಿತಿಯನ್ನು ವಿಚಾರಿಸಲಿ. ಒಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ಅರ್ಜಿಯಾಗುತ್ತದೆ. ಬರೆಯಲು ಬಾರದವರಿಗೆ ಬರೆದುಕೊಡಲು ಸಭೆ ಮುಗಿದ ಮೇಲೆ ನಾನು ಇಲ್ಲಿಯೇ ಇರುತ್ತೇನೆ.