ನ್ಯಾಯವಾದಿಯ ಕಾಯಕ
(ಬಣಕಲ್ಲಿನ ಸದ್ಭಕ್ತರ ಸಭೆಯಲ್ಲಿ ನಡೆದ ಉಪನ್ಯಾಸ)



ಶರಣರು ಯಾವ ವೃತ್ತಿಯನ್ನೂ ಹೀನವೆಂದೆಣಿಸಲಿಲ್ಲ. ಚೌಡಯ್ಯನು ದೋಣಿ ನಡೆಸಿದನು. ಮಾಚಯ್ಯನು ಬಟ್ಟೆ ಒಗೆದನು. ಚಂದಯ್ಯನು ಹಗ್ಗ ಹೊಸೆದನು. ಇವೆಲ್ಲವೂ ಕಾಯಕಗಳೆಂದು ಒಪ್ಪುವವರೂ ಒಂದು ವೃತ್ತಿಯ ವಿಷಯದಲ್ಲಿ ಸಂಶಯಪಡುತ್ತಾರೆ. ಹಣ ಪಡೆದು ಪರರ ಪಕ್ಷವನ್ನು ವಾದಿಸುವ ವಕೀಲಿಯು ಕಾಯಕವೆನಿಸೀತೇ? ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹುಡುಕುವುದಕ್ಕಿಂತ ವಿಜಾಪುರದ ನ್ಯಾಯವಾದಿಗಳಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವಿತವನ್ನು ನೋಡುವುದು ಮೇಲು.

ಅವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡ ಲೇಖಕರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಬಾಲಕನನ್ನು ಅಜ್ಜಿಯು ಸಾಕಿದಳು. ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮಾಡಿ, 1904ರಲ್ಲಿ ಪರೀಕ್ಷೆ ಮುಗಿಸಿ, ಬೆಳಗಾವಿಯಲ್ಲಿ ವಕೀಲಿಯನ್ನಾರಂಭಿಸಿದರು; ತರುವಾಯ ವಿಜಾಪುರವನ್ನೇ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ಅಲ್ಲಿ ಸರಕಾರಿ ವಕೀಲರೂ ಆದರು. 1910ರಲ್ಲಿ ಜಿಲ್ಲೆಯ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಅವರು ಅಗ್ರಗಣ್ಯರು. ಇಷ್ಟರಿಂದಲೇ ಒಬ್ಬ ವಕೀಲನ ಬಾಳು ಸಾರ್ಥಕವೆನ್ನಬಹುದಿತ್ತು.

ಆದರೆ ಅವರ ಮುಖ್ಯ ಮೊಕದ್ದಮೆಯು ಬೇರೆಯೇ ಇದ್ದಿತು. ಬಸವಾದಿ ಪ್ರಮಥರ ವಚನಗಳು ಮಠಮನೆಗಳ ಅಟ್ಟಗಳಲ್ಲಿ ಓಲೆಗರಿಯ ಕಟ್ಟುಗಳಾಗಿ, ಗೆದ್ದಲಿಗೂ ಧೂಳಿಗೂ ಆಹಾರವಾಗುತ್ತಿದ್ದವು. ಹನ್ನೆರಡನೆಯ ಶತಮಾನದ ವಾದಿಗಳು ಮಾತನಾಡಲಾರದೆ ಕಾದಿದ್ದರು; ಅವರ ಪರವಾಗಿ ಹಳಕಟ್ಟಿಯವರು ಯಾವ ಕಕ್ಷಿಗಾರನ ಶುಲ್ಕವೂ ಇಲ್ಲದೆ ವಕಾಲತ್ತು ವಹಿಸಿದರು. ಊರೂರು ತಿರುಗಿ ಪ್ರತಿಗಳನ್ನು ಕೂಡಿಸಿದರು. ಒಂದು ವಚನಕ್ಕೆ ಎರಡು ಮೂರು ಪಾಠಗಳು ದೊರೆತಾಗ, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವಂತೆ ಅವನ್ನು ತೂಗಿ ನೋಡಬೇಕಾಗುತ್ತದೆ. ಲಿಪಿಕಾರನ ಪ್ರಮಾದವಾವುದು, ಅಂಕಿತವು ಯಾರದು, ಹೆಚ್ಚಿನ ಮಾತು ಎಲ್ಲಿಂದ ಸೇರಿತು ಎಂಬುದನ್ನು ತೀರ್ಮಾನಿಸಲು ನ್ಯಾಯಾಲಯದಲ್ಲಿ ಪಳಗಿದ ಬುದ್ಧಿಯು ಅವರಿಗೆ ನೆರವಾಯಿತು.

ಈ ಬಣಕಲ್ಲಿನಿಂದ ಚಾರ್ಮಾಡಿ ಘಟ್ಟವನ್ನಿಳಿದರೆ ತಲುಪುವ ಮಂಗಳೂರಿನ ಹೆಸರಾಂತ ಮುದ್ರಣಾಲಯವೊಂದಕ್ಕೆ ಅವರು ಹಸ್ತಪ್ರತಿಯನ್ನು ಕಳುಹಿಸಿದರೆಂದೂ, ಅದು ಅಚ್ಚಾಗದೆ ಹಿಂದಿರುಗಿತೆಂದೂ ಹೇಳುವುದುಂಟು. ಎದೆಗುಂದದೆ 1923ರಲ್ಲಿ ಬೆಳಗಾವಿಯಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು. ಅದೇ ವರುಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. ಅವರ ಶ್ರಮದಿಂದ ಇನ್ನೂರಕ್ಕೂ ಮೀರಿದ ವಚನಕಾರರ ಹೆಸರುಗಳು ಲೋಕಕ್ಕೆ ತಿಳಿದವು. ಹರಿಹರನ ರಗಳೆಗಳೂ ಬೆಳಕು ಕಂಡವು.

ಇಲ್ಲಿ ಗೃಹಸ್ಥರು ಸಾವಧಾನವಾಗಿ ವಿಚಾರಿಸತಕ್ಕ ಮಾತೊಂದಿದೆ. ಮುದ್ರಣದ ಹೊರೆಗಾಗಿ ಹಳಕಟ್ಟಿಯವರು ಸ್ವಂತ ಮನೆಯನ್ನೇ ಮಾರಿದರು. ಕೀರ್ತಿಯು ಒಬ್ಬರಿಗೆ ಬಂದಿತು. ಬಡತನವು ಮಡದಿಮಕ್ಕಳೆಲ್ಲರಿಗೂ ಹಂಚಿಕೆಯಾಯಿತು. ಇದನ್ನು ಬರಿಯ ಹೊಗಳಿಕೆಯಿಂದ ಮುಚ್ಚುವುದು ನ್ಯಾಯವಲ್ಲ. ಯಜಮಾನನ ದಾಸೋಹದಲ್ಲಿ ಒಲೆಯ ಮುಂದೆ ಕುಳಿತವಳ ಪಾಲೂ ಇರುತ್ತದೆ. ಆಕೆಯು ಅಚ್ಚಿನಲ್ಲಿ ಕಾಣುವುದಿಲ್ಲ. ಆದರೆ ಆಕೆಯು ಸಹಿಸದಿದ್ದರೆ ಆ ಪುಟಗಳು ಹೊರಬರುತ್ತಿರಲಿಲ್ಲ. ವಚನಗಳಿಗೆ ನಮಿಸುವವರು ಆ ಮನೆಯ ಹೆಸರಿಲ್ಲದ ದುಡಿಮೆಗೂ ನಮಿಸಬೇಕು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1964ನೆಯ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಈಗ ನಾಡು ವಚನ ಸಂರಕ್ಷಣಾ ದಿನವೆಂದು ಆಚರಿಸುತ್ತಿದೆ.

ಹಾಗಾದರೆ ವಕೀಲಿಯು ಕಾಯಕವೇ? ಸತ್ಯವನ್ನು ಕಂಡುಹಿಡಿಯಲು ಬುದ್ಧಿಯನ್ನೂ, ಸಮಾಜಕ್ಕಾಗಿ ಸಂಪಾದನೆಯನ್ನೂ ವಿನಿಯೋಗಿಸಿದರೆ ನಿಶ್ಚಯವಾಗಿಯೂ ಕಾಯಕವೇ. ಹಾಗಲ್ಲದಿದ್ದರೆ ಅದು ಬರಿಯ ಸಂಪಾದನೆ.

ಬಣಕಲ್ಲಿನ ಮಹಾಶಯರೇ, ಕಾಫಿ ಏಲಕ್ಕಿ ಬೆಳೆಯುವ ಈ ಸೀಮೆಯಲ್ಲಿಯೂ ತೋಟದ ಬೇಲಿ, ಹಾದಿ, ಹಳ್ಳದ ನೀರು ಎಂದು ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರುವುದುಂಟು. ಒಂದು ಗೇಣು ನೆಲಕ್ಕಾಗಿ ಎರಡು ತಲೆಮಾರಿನ ಒಲವನ್ನು ಕಳೆದುಕೊಂಡವನು ಡಿಕ್ರಿ ಪಡೆದರೂ ಸೋತವನೇ. ಮೊದಲು ಹಿರಿಯರ ಮುಂದೆ ಕುಳಿತು ಮಾತನಾಡಿರಿ. ಮೇಲಾಗಿ ಮನೆಗೆ ಹೋದೊಡನೆ ಅಟ್ಟವನ್ನೊಮ್ಮೆ ನೋಡಿರಿ. ಮಲೆನಾಡಿನ ಮಳೆಗಾಲದ ತೇವವು ಓಲೆಗರಿಗೆ ಕರುಣೆ ತೋರುವುದಿಲ್ಲ. ಹಳೆಯ ಕಟ್ಟೊಂದು ದೊರೆತರೆ ಅದನ್ನು ಒಲೆಗೂ ಹಾಕದೆ, ಗಂಗೆಗೂ ಬಿಡದೆ ಶ್ರೀಮಠಕ್ಕೆ ತಂದೊಪ್ಪಿಸಿರಿ. ಅದರಲ್ಲಿ ಯಾವ ಶರಣನ ಸಾಕ್ಷಿಯು ಕೇಳುವವರಿಗಾಗಿ ಕಾದಿದೆಯೋ ಬಲ್ಲವರಾರು?