ತಬ್ಬಲಿ ಮಕ್ಕಳ ಔಷಧೋಪಚಾರ: ನಾವು ಮಾಡಬೇಕಾದ ಕೆಲಸ

(ರಾಣೆಬೆನ್ನೂರಿನಲ್ಲಿ ಕಾಮಗಾರರು ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ ಕೆಲವರು, ಅಂಗಡಿಯ ಕದ ಹಾಕಿ ಕೆಲವರು ಇಲ್ಲಿಗೆ ಬಂದಿದ್ದೀರಿ. ತಮ್ಮ ಹೊತ್ತನ್ನು ಹೆಚ್ಚು ತೆಗೆದುಕೊಳ್ಳುವುದಿಲ್ಲ. ತಂದೆತಾಯಿ ಇಲ್ಲದ ಬಡ ಮಕ್ಕಳ ಔಷಧೋಪಚಾರಕ್ಕೆ ನಾವು ಏನು ಮಾಡಬಲ್ಲೆವು ಎಂಬುದಷ್ಟೇ ಇಂದಿನ ವಿಚಾರ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡುಬಿಡುತ್ತೇವೆ. ಹಿಂದೊಮ್ಮೆ ಬ್ಯಾಡಗಿಯಲ್ಲಿ ನಾವು ಶಿಬಿರ ನಡೆಸಿದೆವು. ಪೆಂಡಾಲು ಹಾಕಿದೆವು, ಹೊರಗಿನಿಂದ ಡಾಕ್ಟರರನ್ನು ಕರೆಸಿದೆವು, ಟಾನಿಕ್ಕು ಹಂಚಿದೆವು, ಫೋಟೋ ತೆಗೆಸಿಕೊಂಡೆವು. ಕಿವಿ ಸೋರುತ್ತಿದ್ದ ಒಬ್ಬ ಹುಡುಗನಿಗೆ ಡಾಕ್ಟರರು ಚೀಟಿ ಬರೆದುಕೊಟ್ಟು, ಹದಿನೈದು ದಿವಸದ ಮೇಲೆ ಮತ್ತೆ ತೋರಿಸಬೇಕೆಂದರು. ಯಾರಿಗೆ ತೋರಿಸುವುದು? ಡಾಕ್ಟರರು ತಮ್ಮ ಊರಿಗೆ ಹೋದರು, ನಾವು ನಮ್ಮ ನಮ್ಮ ಕೆಲಸಕ್ಕೆ ಹೋದೆವು. ಅವನನ್ನು ಸಾಕುತ್ತಿದ್ದ ಅಜ್ಜಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಇಲ್ಲ. ಮರುವರ್ಷ ನೋಡಿದಾಗ ಹುಡುಗನಿಗೆ ಆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಶಾಲೆಯಲ್ಲಿ ದಡ್ಡನೆಂದು ಹಿಂದಿನ ಸಾಲಿಗೆ ಕೂಡ್ರಿಸಿದ್ದರು. ಪೆಂಡಾಲಿನ ಬಾಡಿಗೆಯಲ್ಲಿ ಆ ಅಜ್ಜಿಯ ನಾಲ್ಕಾರು ದಿನದ ಕೂಲಿ ತುಂಬಿಕೊಟ್ಟಿದ್ದರೆ ಅವನ ಕಿವಿ ಉಳಿಯಬಹುದಿತ್ತು.

ತಬ್ಬಲಿ ಮಕ್ಕಳು ಅನಾಥಾಲಯದಲ್ಲಿರುತ್ತಾರೆಂದು ನಾವು ತಿಳಿದಿದ್ದೇವೆ. ನಮ್ಮ ಓಣಿಗಳನ್ನು ಒಮ್ಮೆ ನೋಡಿ. ಸಾಲದಿಂದ ಜೀವ ಕಳೆದುಕೊಂಡ ರೈತನ ಮಕ್ಕಳು, 2020-21ರ ಕೊರೋನಾದಲ್ಲಿ ದುಡಿಯುವವರನ್ನು ಕಳೆದುಕೊಂಡ ಮನೆಯ ಮಕ್ಕಳು ಅಜ್ಜಿಯ ಮನೆಯಲ್ಲೋ, ಸೋದರಮಾವನ ಮನೆಯಲ್ಲೋ ಇದ್ದಾರೆ. ಅವರಿಗೆ ಬೋರ್ಡು ಇಲ್ಲ, ಆದ್ದರಿಂದ ದಾನಿಗಳೂ ಅಲ್ಲಿಗೆ ಹೋಗುವುದಿಲ್ಲ.

ಈ ಸೀಮೆಗೆ ಇದು ಹೊಸ ಕೆಲಸವೇನಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಬ್ಬ ಕುರುಡ ಹುಡುಗನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಸಂಗೀತ ಕಲಿಸಿದರು. ಆ ಸ್ವಾಮಿಗಳಾದರೂ ನಮ್ಮ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯವರು. ಹುಡುಗ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅವರು ಕಟ್ಟಿದ್ದು. ಅವರ ಕೈಯಲ್ಲಿ ಬೆಳೆದ ಇನ್ನೊಬ್ಬ ಕುರುಡ ಹುಡುಗ ನಮ್ಮ ಜಿಲ್ಲೆಯ ದೇವಗಿರಿಯವರು. ಅವರೇ ಪುಟ್ಟರಾಜ ಗವಾಯಿಗಳು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ 2010ರಲ್ಲಿ ತಾವು ತೀರಿಕೊಳ್ಳುವ ತನಕ ಅವರು ಆಶ್ರಮವನ್ನು ನಡೆಸಿದರು. ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ, ಬಂದ ಹಣದಲ್ಲಿ ಕುರುಡ ಮಕ್ಕಳಿಗೂ ತಬ್ಬಲಿಗಳಿಗೂ ಅನ್ನ ಹಾಕಿ ವಿದ್ಯೆ ಕೊಟ್ಟರು. ನಮ್ಮ ಹಿರಿಯರು ಕೊಟ್ಟ ನಾಟಕದ ಟಿಕೇಟಿನ ದುಡ್ಡೂ ಅದರಲ್ಲಿ ಸೇರಿದೆ. ಒಂದು ಮಗುವಿನ ಬೆನ್ನಿಗೆ ಒಬ್ಬ ಹಿರಿಯ ವರ್ಷಾನುವರ್ಷ ನಿಂತದ್ದರಿಂದ ಇದೆಲ್ಲ ಆಯಿತು. ಒಂದು ದಿನದ ಶಿಬಿರದಿಂದ ಆದುದಲ್ಲ.

ಕಣ್ಣಿನ ಮಾತು ಬಂದದ್ದರಿಂದ ಇದನ್ನೂ ಕೇಳಿ. ಎ ಜೀವಸತ್ವ ಸಾಲದೆ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ, ಬೆಳೆದರೆ ಕಣ್ಣೇ ಹೋಗುತ್ತದೆ. ಇದನ್ನು ತಡೆಯಲು ನಮ್ಮ ದೇಶದಲ್ಲಿ 1970ರಿಂದ ಮಕ್ಕಳಿಗೆ ಎ ಜೀವಸತ್ವದ ಹನಿ ಕುಡಿಸುವ ಕಾರ್ಯಕ್ರಮವಿದೆ. ಒಂಬತ್ತು ತಿಂಗಳಿಗೆ ಮೊದಲ ಸಲ, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ, ಕಾಸು ಕೊಡಬೇಕಿಲ್ಲ. ತಾಯಿ ಇದ್ದ ಮನೆಯಲ್ಲಿ ಇದು ನೆನಪಾಗುತ್ತದೆ. ತಾಯಿ ಇಲ್ಲದ ಕೂಸಿಗೆ ಎಷ್ಟು ಸಲ ಹನಿ ಬಿತ್ತೆಂದು ಹೇಳುವವರಾರು? ಅಂಗನವಾಡಿಗೆ ಹೋಗಿ ತಾಯಿ ಕಾರ್ಡು ನೋಡಿ ಬರುವುದಕ್ಕೆ ಡಾಕ್ಟರರು ಬೇಕಿಲ್ಲ, ನಾವು ಸಾಕು. ನುಗ್ಗೆ ಸೊಪ್ಪು, ಪಪ್ಪಾಯಿ ಕೊಟ್ಟು ಬರುವುದಕ್ಕೂ ನಾವೇ ಸಾಕು.

ಸರಕಾರದ ಸಹಾಯವಿಲ್ಲವೇ? ಇದೆ. ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಗುವಿಗೂ ವಿಧವೆಯ ಮಗುವಿಗೂ ಮಿಶನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದ್ದಾರೆ. ಮನೆಯ ವಾರ್ಷಿಕ ವರಮಾನ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ವೈದ್ಯ ತಂಡಗಳು 2013ರಿಂದ ಇವೆ. ಆದರೆ ಮರಣ ದಾಖಲೆ, ವರಮಾನದ ದಾಖಲೆ, ಬ್ಯಾಂಕಿನ ಪುಸ್ತಕ ಎಂದು ಕಚೇರಿಯವರು ಕೇಳಿದಾಗ ಅಕ್ಷರ ಬಾರದ ಅಜ್ಜಿ ಕೈಮುಗಿದು ಹಿಂದಿರುಗುತ್ತಾಳೆ. ಲೆಕ್ಕಪತ್ರ ಬಲ್ಲ ಅಂಗಡಿಕಾರ ಮಿತ್ರರೇ, ಈ ಕೆಲಸ ನಿಮ್ಮದು. ಇದು ಭಿಕ್ಷೆಯಲ್ಲ, ಕಟ್ಟೆಗೆ ಕೂತು ನಾವು ಕಟ್ಟಿದ ತೆರಿಗೆಯ ಹಣವೇ ಆ ಮಗುವಿಗೆ ಸಲ್ಲಬೇಕಾಗಿದೆ.

ಒಂದು ಎಚ್ಚರಿಕೆ. ಮಗುವನ್ನು ಸಾಕುತ್ತೇವೆ, ಕೊಡಿ ಎಂದು ಹೊರಗಿನವರು ಬಂದರೆ ಕೊಡಬೇಡಿ, ಕೊಡಿಸಲೂ ಬೇಡಿ. ಅದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕಾದ ಮಾತು. ಅನುಮಾನ ಬಂದರೆ 1098ಕ್ಕೆ ಫೋನು ಮಾಡಿ. ಮನೆಯಲ್ಲಿ ಉಳಿದ ಗುಳಿಗೆಗಳನ್ನು ತಂದು ಹಂಚುವ ಉಪಕಾರವೂ ಬೇಡ.

ಇನ್ನು ಕೆಲಸದ ಹಂಚಿಕೆ. ಹಾವೇರಿಯವರು ಜಿಲ್ಲಾ ಕಚೇರಿ ಮತ್ತು ಜಿಲ್ಲಾಸ್ಪತ್ರೆಯ ಓಡಾಟ ನೋಡಿಕೊಳ್ಳಲಿ. ರಾಣೆಬೆನ್ನೂರಿನವರು ಓಣಿಗೊಬ್ಬರಂತೆ ಮಕ್ಕಳ ಪಟ್ಟಿ ಮಾಡಲಿ. ಬ್ಯಾಡಗಿಯ ಹಮಾಲ ಬಂಧುಗಳಿಗೆ ಪೇಟೆಯ ದಿನ ಬಿಡುವಿರುವುದಿಲ್ಲ. ಅವರು ಬೇರೆ ದಿನ ಮಕ್ಕಳನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ಯಲಿ. ಜೊತೆಗೆ ಬರುವ ಅಜ್ಜಿಯ ಅಂದಿನ ಕೂಲಿಯನ್ನು ನಿಧಿಯಿಂದ ಅಂದೇ ಕೈಗೆ ಕೊಡಬೇಕು. ನಿಧಿಯ ಡಬ್ಬಿ ಬಾಗಿಲ ಬಳಿ ಇದೆ, ಪಟ್ಟಿ ಬರೆಯುವ ಪುಸ್ತಕ ಈ ಮೇಜಿನ ಮೇಲಿದೆ. ಕಿವಿ ಸೋರುವ ಆ ಹುಡುಗನ ಹೆಸರನ್ನು ಮೊದಲ ಸಾಲಿನಲ್ಲಿ ಬರೆದಿದ್ದೇವೆ; ಅವನನ್ನು ಈ ವಾರ ಆಸ್ಪತ್ರೆಗೆ ಕರೆದೊಯ್ಯುವವರು ಯಾರೆಂಬುದು ಇನ್ನೂ ಬರೆಯುವುದಿದೆ.