ಹಳೆಯ ಕಚೇರಿಗೆ ಹೊಸ ಆಯುಷ್ಯ



ಆಳಂದ, ಅಫಜಲಪುರ, ಜೇವರ್ಗಿ ಇವು ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳು. ಇಂಥ ಊರಿನ ಒಂದು ಹಳೆಯ ಕಚೇರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಪರಸಿ, ಎತ್ತರದ ಮಾಳಿಗೆ. ಪಹಣಿಗೆಂದು, ಆದಾಯ ಪ್ರಮಾಣಪತ್ರಕ್ಕೆಂದು ದಿನವೂ ಜನ ಬರುತ್ತಾರೆ. ಬಂದವರಿಗೆ ನಿಲ್ಲಲು ಸ್ಥಳವಿಲ್ಲ. ಗೋಡೆ ಬಿರುಕು ಬಿಟ್ಟಿದೆ, ಮಳೆಗಾಲದಲ್ಲಿ ಮಾಳಿಗೆ ಸೋರುತ್ತದೆ. ಏನು ಮಾಡಬೇಕು? "ಕೆಡವಿ ಹೊಸದು ಕಟ್ಟಿ" ಎಂಬ ಮಾತು ಎಲ್ಲರ ಬಾಯಿಗೂ ಮೊದಲು ಬರುತ್ತದೆ. ಅದನ್ನು ಒಪ್ಪುವ ಮುನ್ನ ಸ್ವಲ್ಪ ಲೆಕ್ಕ ಹಾಕೋಣ.

ನಮ್ಮ ಜಿಲ್ಲೆಯ ನೆಲದಡಿ ಸುಣ್ಣಕಲ್ಲು ಹೇರಳವಾಗಿದೆ. ಇದೇ ಕಲ್ಲನ್ನು ಪದರು ಪದರಾಗಿ ಎಬ್ಬಿಸಿದರೆ ಶಹಾಬಾದ್ ಪರಸಿ. ಬೇರೆ ವಸ್ತುಗಳೊಡನೆ ಅರೆದು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಿಂದ ಹೊರಬರುವ ಸಿಮೆಂಟು. ರಸಾಯನಶಾಸ್ತ್ರ ಓದಿದವರಿಗೆ ಗೊತ್ತು: 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಉಳಿದು, 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಉರಿಸಿದ ಇಂಧನದ ಹೊಗೆ ಇದಕ್ಕೆ ಹೊರತು. ಆದ್ದರಿಂದ ನಿಂತಿರುವ ಗೋಡೆಯೆಂದರೆ ಈಗಾಗಲೇ ಖರ್ಚಾಗಿರುವ ಇಂಧನ ಮತ್ತು ದುಡಿಮೆ. ಅದನ್ನು ಕೆಡವಿದರೆ ಹಿಂದಿನ ಖರ್ಚು ಮಣ್ಣುಪಾಲು, ಹೊಸ ಖರ್ಚು ತಲೆಯ ಮೇಲೆ.

ಹಾಗೆಂದು ಹಳೆಯದೆಲ್ಲ ಗಟ್ಟಿ ಎಂದು ಕುರುಡಾಗಿ ನಂಬುವಂತಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಆಳಂದದ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸುಮಾರು 10,000 ಜನ ಸತ್ತರು. ಕಂಪನ ನಮ್ಮ ಜಿಲ್ಲೆಗೂ ತಟ್ಟಿತು. ಅಲ್ಲಿ ಹೆಚ್ಚು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಅಂಥ ಗೋಡೆಗೆ ಒಳಮೈ, ಹೊರಮೈ ಎಂದು ಎರಡು ಪದರು. ಎರಡನ್ನೂ ಹಿಡಿದು ನಿಲ್ಲಿಸುವ ಉದ್ದನೆಯ ಕಲ್ಲುಗಳಿಲ್ಲದಿದ್ದರೆ ಅವು ಬೇರೆ ಬೇರೆಯಾಗಿ ಉಬ್ಬಿ ಉರುಳುತ್ತವೆ. ಇದಕ್ಕೆ ಉಪಾಯವಿದೆ. ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ರಂಧ್ರ ಮಾಡಿ, ಸರಳಿಟ್ಟು ಕಾಂಕ್ರೀಟು ತುಂಬಿ ಎರಡೂ ಪದರುಗಳನ್ನು ಕಟ್ಟಬಹುದು. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಕಟ್ಟಡದ ಸುತ್ತ ಕಬ್ಬಿಣದ ಜಾಲರಿಯ ಪಟ್ಟಿ ಹಾಕಬಹುದು. ಮಾಳಿಗೆಯ ಮಣ್ಣಿನ ಭಾರ ಇಳಿಸಬಹುದು. ಕಟ್ಟಡಗಳ ದುರಸ್ತಿ ಮತ್ತು ಬಲವರ್ಧನೆಗೆ ಭಾರತೀಯ ಮಾನಕ ಸಂಸ್ಥೆ ಅದೇ 1993ರಲ್ಲಿ ಐಎಸ್ 13935 ಎಂಬ ಮಾರ್ಗಸೂಚಿಯನ್ನು ಹೊರತಂದಿತು.

ಇನ್ನು ವಿಸ್ತರಣೆಯ ಮಾತು. ಈ ತಾಲ್ಲೂಕುಗಳಲ್ಲಿ ಯರಿಮಣ್ಣು ಹೆಚ್ಚು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಹಳೆಯ ಕಟ್ಟಡ ಕೂರಬೇಕಾದಷ್ಟು ಕೂತಿರುತ್ತದೆ, ಹೊಸದು ಇನ್ನೂ ಕೂರಬೇಕು. ಎರಡನ್ನೂ ಬಿಗಿಯಾಗಿ ಬೆಸೆದರೆ ಸಂದಿನಲ್ಲಿ ಬಿರುಕು ಬೀಳುತ್ತದೆ. ಆದ್ದರಿಂದ ಹೊಸ ಭಾಗಕ್ಕೆ ಬೇರೆಯೇ ಬುನಾದಿ ಬೇಕು, ನಡುವೆ ಸಣ್ಣ ತೆರವು ಬೇಕು. ಹಳೆಯ ಗೋಡೆ ಸುಣ್ಣದ ಗಚ್ಚಿನದಾದರೆ ಅದಕ್ಕೆ ಸುಣ್ಣದ ಗಾರೆಯೇ ಸರಿ. ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ ಕಲ್ಲು, ಗಚ್ಚು ಎರಡೂ ಕೆಡುತ್ತವೆ.

ನೀರು, ಬಿಸಿಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 100 ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಸುರಿದರೆ ಅದು 70,000 ಲೀಟರ್ ನೀರು. ಗೋಡೆಯ ಬುಡದಲ್ಲಿ ಬಿದ್ದರೆ ಅದೇ ಯರಿಮಣ್ಣನ್ನು ಉಬ್ಬಿಸುವ ಶತ್ರು, ಕೊಳವೆಯಿಂದ ತೊಟ್ಟಿಗೆ ಹರಿದರೆ ಬೇಸಿಗೆಯ ಬಂಧು. 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಮಾಳಿಗೆಯ ಮೇಲೆ ಬಿಳಿ ಸುಣ್ಣ, ಪಡುವಣ ಗೋಡೆಗೆ ನೆರಳು, ಎದುರುಬದುರು ಕಿಟಕಿ ಇವಿಷ್ಟಿದ್ದರೆ ದಪ್ಪ ಗೋಡೆಯ ಕೋಣೆ ಫ್ಯಾನಿನ ಭಾರವನ್ನು ತಾನೇ ಇಳಿಸುತ್ತದೆ.

ಕಚೇರಿಯ ಕೆಲಸ ನಿಲ್ಲುವುದಿಲ್ಲವೇ ಎಂದು ನೀವು ಕೇಳಬಹುದು. ಮೊದಲು ಪಕ್ಕದಲ್ಲಿ ಹೊಸ ಭಾಗ ಕಟ್ಟಬೇಕು. ದಫ್ತರಗಳನ್ನೂ ಸಿಬ್ಬಂದಿಯನ್ನೂ ಅಲ್ಲಿಗೆ ಸಾಗಿಸಿ, ಆಮೇಲೆ ಹಳೆಯದಕ್ಕೆ ಕೈ ಹಚ್ಚಬೇಕು. ಈ ಕ್ರಮ ತಪ್ಪಿದರೆ ಜನರ ಕಾಗದಪತ್ರ ಮಳೆಯ ಪಾಲು.

ಕೆಡವಬೇಕೆಂದವರ ಮಾತನ್ನು ಮೀರಿ ಉಳಿದ ದೊಡ್ಡ ಕಚೇರಿಯೊಂದು ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಪೂರ್ಣಗೊಂಡಿತು. 18 ಇಲಾಖೆಗಳಿದ್ದ ಆ ಕೆಂಪು ಕಟ್ಟಡದಲ್ಲಿ ಮುಂದೆ ಹೈಕೋರ್ಟು ಬಂತು. 1980ರ ದಶಕದಲ್ಲಿ ಅದನ್ನು ಕೆಡವುವ ಯೋಚನೆ ಎದ್ದಾಗ ನಾಗರಿಕರು ನ್ಯಾಯಾಲಯದ ಮೊರೆ ಹೊಕ್ಕರು. ಕಟ್ಟಡ ಉಳಿಯಿತು, ಅದಕ್ಕೆ ಹೊಂದುವ ಹೊಸ ಭಾಗವೂ ಸೇರಿತು. ಇಂದಿಗೂ ಅಲ್ಲಿ ನ್ಯಾಯದಾನ ನಡೆದಿದೆ.

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಶಾಲೆಯ ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಒಂದೊಂದು ಗುರುತು ಹಾಕಿ. ನಡುವಿನ ಅಂತರ ಅಳೆದು ತಾರೀಖಿನೊಡನೆ ಬರೆದಿಡಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಳೆಯಿರಿ. ಬಿರುಕು ಋತುವಿಗೆ ತಕ್ಕಂತೆ ತೆರೆದು ಮುಚ್ಚುತ್ತಿದ್ದರೆ ಕೆಳಗಿನ ಯರಿಮಣ್ಣಿನ ಮೇಲೆ ಅನುಮಾನ ಪಡಿ. ಬರೀ ಅಗಲವಾಗುತ್ತಲೇ ಹೋದರೆ ಅಥವಾ ಗೋಡೆ ಉಬ್ಬಿದ್ದರೆ, ಅದರ ಬಳಿ ಯಾರೂ ಕೂರದಂತೆ ನೋಡಿಕೊಂಡು ಕೂಡಲೇ ಗುರುಗಳ ಮೂಲಕ ಇಂಜಿನಿಯರರನ್ನು ಕರೆಸಿ. ಕೆಡವಬೇಕೋ ಉಳಿಸಬೇಕೋ ಎಂಬುದನ್ನು ಆ ಅಳತೆ ಹೇಳಲಿ, ಅವಸರ ಹೇಳುವುದು ಬೇಡ.